ಬೆಳಕು ದೇಹದೊಳಗೆ ಹೋಗುತ್ತದೆ, ಆದರೆ ದಾರಿ ತಪ್ಪುತ್ತದೆ

ಪ್ರಶ್ನೆ: ನನ್ನ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಕಣ್ಣಿನ ಡಾಕ್ಟರು ಓಸಿಟಿ ಅಂತ ಒಂದು ಸ್ಕ್ಯಾನ್ ಮಾಡಿದರು. ಚುಚ್ಚಲಿಲ್ಲ, ಮುಟ್ಟಲಿಲ್ಲ, ಆದರೂ ಕಣ್ಣಿನ ಹಿಂಭಾಗದಲ್ಲಿರುವ ರೆಟಿನಾದ ಒಂದೊಂದು ಪದರವನ್ನೂ ಪರದೆ ಮೇಲೆ ತೋರಿಸಿದರು. ಬೆಳಕಿನಿಂದಲೇ ಇಷ್ಟೆಲ್ಲ ಕಾಣುವುದಾದರೆ ಹೃದಯ, ಲಿವರ್ ನೋಡುವುದಕ್ಕೆ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಯಾಕೆ ಬೇಕು? ಇನ್ನೊಂದು ಪ್ರಶ್ನೆ. ಮುಂದೆ ಕಣ್ಣಿಗೆ ಲೇಸರ್ ಮಾಡಬೇಕಾಗಬಹುದು ಅಂದಿದ್ದಾರೆ. ಸ್ಕ್ಯಾನ್ ಮಾಡುವುದೂ ಬೆಳಕು, ಸುಡುವುದೂ ಬೆಳಕು. ಒಂದರಿಂದ ಏನೂ ಆಗುವುದಿಲ್ಲ, ಇನ್ನೊಂದು ಸುಡುತ್ತದೆ. ಅದು ಹೇಗೆ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಬೆರಳಲ್ಲೇ ಇದೆ. ಕೋಣೆ ಕತ್ತಲು ಮಾಡಿ, ಮೊಬೈಲಿನ ಟಾರ್ಚ್ ಹಚ್ಚಿ, ಬೆರಳ ತುದಿಯನ್ನು ಅದರ ಮೇಲೆ ಒತ್ತಿ ಹಿಡಿಯಿರಿ. ಬೆರಳು ಕೆಂಪಗೆ ಹೊಳೆಯುತ್ತದೆ. ಈಗ ಸರಿಯಾಗಿ ನೋಡಿ, ಒಳಗಿನ ಮೂಳೆ ಕಾಣುತ್ತದೆಯೇ? ಇಲ್ಲ. ಅಷ್ಟು ಮಾಂಸ, ರಕ್ತ, ಮೂಳೆ ಎಲ್ಲ ದಾಟಿ ಬೆಳಕು ಹೊರಗೆ ಬಂದಿದೆ, ಆದರೂ ನಡುವೆ ಇದ್ದ ಮೂಳೆಯ ನೆರಳು ಬಿದ್ದಿಲ್ಲ. ಅಂದರೆ ಬೆಳಕು ಒಳಗೆ ಹೋಗುವುದರಲ್ಲಿ ದೊಡ್ಡ ತೊಂದರೆ ಇಲ್ಲ. ಹೋದ ಬೆಳಕು ನೇರವಾಗಿ ಹೋಗುವುದಿಲ್ಲ, ತೊಂದರೆ ಅಲ್ಲಿದೆ.

ಕೆಂಪು ಮಾತ್ರ ಯಾಕೆ ಬಂತು ಅನ್ನುವುದು ಸುಲಭ. ರಕ್ತದ ಹಿಮೋಗ್ಲೋಬಿನ್ ನೀಲಿ ಮತ್ತು ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಕೆಂಪನ್ನು ಬಿಟ್ಟುಕೊಡುತ್ತದೆ. ಕೆಂಪಿನ ಆಚೆಗಿರುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಇನ್ನೂ ಸುಲಭವಾಗಿ ದಾಟುತ್ತದೆ. ಸುಮಾರು 650 ರಿಂದ 950 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ನಮ್ಮ ದೇಹ ಒಂದು ಕಿಟಕಿ ತೆರೆದಿಟ್ಟ ಹಾಗೆ. ಅದಕ್ಕಿಂತ ಮುಂದೆ ಹೋದಂತೆ ನೀರು ಹೀರಿಕೊಳ್ಳುವುದು ಜಾಸ್ತಿಯಾಗುತ್ತದೆ, ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದೇ ನೀರು ಅಲ್ವಾ.

ಮೂಳೆ ಯಾಕೆ ಕಾಣಲಿಲ್ಲ ಅನ್ನುವುದು ಇದಕ್ಕಿಂತ ಮುಖ್ಯ. ಜೀವಕೋಶದ ಪೊರೆ, ಅದರೊಳಗಿನ ಮೈಟೋಕಾಂಡ್ರಿಯ, ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆ, ಕೊಬ್ಬಿನ ಹನಿ, ಹೀಗೆ ಪ್ರತಿಯೊಂದರಲ್ಲೂ ಬೆಳಕಿನ ವೇಗ ಸ್ವಲ್ಪ ಸ್ವಲ್ಪ ಬೇರೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಬೆಳಕು ಸ್ವಲ್ಪ ತಿರುಗುತ್ತದೆ. ಸರಾಸರಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಹೋಗುವುದರೊಳಗೆ ಒಂದು ಸಲ ತಿರುಗಿರುತ್ತದೆ. ಒಂದು ಮಿಲಿಮೀಟರ್ ಆಗುವ ಹೊತ್ತಿಗೆ ತಾನು ಯಾವ ಕಡೆಯಿಂದ ಬಂದೆ ಅನ್ನುವುದರ ಗುರುತೇ ಅದಕ್ಕೆ ಉಳಿದಿರುವುದಿಲ್ಲ. ದಟ್ಟ ಮಂಜಿನಲ್ಲಿ ಎದುರಿನಿಂದ ಬರುವ ಬಸ್ಸಿನ ಹೆಡ್‌ಲೈಟು ಬರೀ ಬಿಳಿ ಮಬ್ಬಾಗಿ ಕಂಡು, ಬಸ್ಸು ಎಲ್ಲಿದೆ ಅಂತ ತಿಳಿಯದೇ ಹೋಗುತ್ತದಲ್ಲ, ಬೆರಳಿನೊಳಗೆ ಆಗಿರುವುದೂ ಅದೇ. ಎಕ್ಸ್‌ರೇ ಬಹುಮಟ್ಟಿಗೆ ನೇರವಾಗಿ ಹೋಗುತ್ತದೆ, ಹಾಗಾಗಿ ನೆರಳು ಬೀಳುತ್ತದೆ, ಚಿತ್ರ ಸಿಗುತ್ತದೆ. ಸಿಟಿ ಸ್ಕ್ಯಾನ್ ನಡೆಯುವುದೂ ಅದರಿಂದಲೇ. ಹೃದಯಕ್ಕೂ ಲಿವರಿಗೂ ಎಕ್ಸ್‌ರೇ ಬೇಕಾಗುವುದು ಇದಕ್ಕೆ.

ಇದನ್ನು ನಂಬುವುದಕ್ಕೆ ಕನ್ನಡಿ ಮುಂದೆ ನಿಂತು ನಿಮ್ಮ ಕಣ್ಣನ್ನೇ ನೋಡಿಕೊಳ್ಳಿ. ಕಪ್ಪುಗುಡ್ಡೆಯ ಮೇಲಿರುವ ಕಾರ್ನಿಯಾ ಗಾಜಿನ ಹಾಗೆ ಪಾರದರ್ಶಕ. ಪಕ್ಕದಲ್ಲೇ ಬಿಳಿಭಾಗ, ಅದರಾಚೆ ಏನೂ ಕಾಣುವುದಿಲ್ಲ. ಎರಡೂ ಆಗಿರುವುದು ಮುಖ್ಯವಾಗಿ ಕೊಲ್ಯಾಜನ್ನಿಂದಲೇ! ಕಾರ್ನಿಯಾದಲ್ಲಿ ಎಳೆಗಳು ಸುಮಾರು 30 ನ್ಯಾನೋಮೀಟರ್ ದಪ್ಪ, ಎಲ್ಲವೂ ಒಂದೇ ಸಮ, ನಡುವಿನ ಅಂತರವೂ ಒಂದೇ ಸಮ. ಬಿಳಿಭಾಗದಲ್ಲಿ ಒಂದು ಎಳೆ ಸಣ್ಣ, ಒಂದು ದಪ್ಪ, ಅಡ್ಡಾದಿಡ್ಡಿ ಹೆಣೆದುಕೊಂಡಿವೆ. ಅಷ್ಟೇ ವ್ಯತ್ಯಾಸ. ಒಂದು ಪಾರದರ್ಶಕ, ಇನ್ನೊಂದು ಹಾಲುಬಿಳಿ. ಅಲ್ಲಿ ಬೆಳಕನ್ನು ಯಾರೂ ತಿಂದಿಲ್ಲ, ಚದುರಿಸಿದ್ದಾರೆ ಅಷ್ಟೇ. ನನ್ನ ಮಟ್ಟಿಗೆ ಬೆಳಕಿನಿಂದ ದೇಹದ ಒಳಗನ್ನು ನೋಡುವ ಈ ಕ್ಷೇತ್ರದ ಕೆಲಸವನ್ನೆಲ್ಲ ಒಂದೇ ಮಾತಿನಲ್ಲಿ ಹೇಳಬಹುದು. ಚದುರಿದ ಬೆಳಕಿನ ರಾಶಿಯಿಂದ ಚದುರದೆ ಬಂದ ನಾಲ್ಕು ಕಣಗಳನ್ನು ಹೆಕ್ಕಿ ತೆಗೆಯುವುದು, ಇಲ್ಲವೇ ನೇರದಾರಿಯ ಆಸೆಯನ್ನೇ ಬಿಟ್ಟು ಬೇರೆ ಏನನ್ನಾದರೂ ಅಳೆಯುವುದು.

ಓಸಿಟಿ, ಅಂದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಮೊದಲ ಜಾತಿಗೆ ಸೇರಿದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದರಷ್ಟು ಅಚ್ಚುಕಟ್ಟಾದ ಉಪಾಯ ವೈದ್ಯಕೀಯದಲ್ಲಿ ಬಹಳ ಕಡಿಮೆ. ನಿಮ್ಮ ತಾಯಿಯ ಕಣ್ಣಿಗೆ ಬಿಟ್ಟದ್ದು ಹೆಚ್ಚಾಗಿ 840 ನ್ಯಾನೋಮೀಟರ್ ಆಸುಪಾಸಿನ ಇನ್‌ಫ್ರಾರೆಡ್. ರೆಟಿನಾದ ಪ್ರತಿ ಪದರವೂ ಅದರಲ್ಲಿ ತೀರಾ ಸ್ವಲ್ಪವನ್ನು ಹಿಂದಕ್ಕೆ ಕಳಿಸುತ್ತದೆ. ಮೇಲಿನ ಪದರದಿಂದ ಬಂದದ್ದು ಬೇಗ ಬರುತ್ತದೆ, ಕೆಳಗಿನದು ತಡವಾಗಿ. ಆ ತಡವನ್ನು ಅಳೆದರೆ ಆಳ ಗೊತ್ತಾಗುತ್ತದೆ, ಅಲ್ಟ್ರಾಸೌಂಡ್ ಮಾಡುವುದೂ ಅದನ್ನೇ. ಆದರೆ ಇಲ್ಲಿ ಕಷ್ಟ ಏನೆಂದರೆ, ಬೆಳಕು 10 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದೂರ ದಾಟುವುದಕ್ಕೆ ತೆಗೆದುಕೊಳ್ಳುವ ಹೊತ್ತು ಸುಮಾರು 33 ಫೆಮ್ಟೋಸೆಕೆಂಡ್. ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ಹತ್ತು ಕೋಟಿ ಭಾಗ ಮಾಡಿದರೆ ಸಿಗುವುದು ಒಂದು ಫೆಮ್ಟೋಸೆಕೆಂಡ್. ಇದನ್ನು ನೇರವಾಗಿ ಅಳೆಯುವ ಎಲೆಕ್ಟ್ರಾನಿಕ್ ಗಡಿಯಾರ ಇಲ್ಲ.

ಹಾಗಾಗಿ ಬೆಳಕನ್ನು ಬೆಳಕಿನಿಂದಲೇ ಅಳೆಯುತ್ತಾರೆ. ಹೊರಡುವಾಗಲೇ ಬೆಳಕನ್ನು ಎರಡು ಪಾಲು ಮಾಡಿ, ಒಂದನ್ನು ಕಣ್ಣಿಗೆ, ಇನ್ನೊಂದನ್ನು ಯಂತ್ರದೊಳಗಿನ ಒಂದು ಕನ್ನಡಿಗೆ ಕಳಿಸುತ್ತಾರೆ. ಎರಡೂ ವಾಪಸ್ ಬಂದು ಸೇರುತ್ತವೆ. ಶುದ್ಧ ಒಂದೇ ಬಣ್ಣದ ಲೇಸರ್ ಆಗಿದ್ದರೆ ಅವು ಎಷ್ಟು ದೂರದ ವ್ಯತ್ಯಾಸ ಇದ್ದರೂ ಒಂದಕ್ಕೊಂದು ಬೆರೆತು ಬೆಳಕು ಕತ್ತಲೆಯ ಪಟ್ಟೆಗಳನ್ನು ಮೂಡಿಸುತ್ತವೆ, ನಮಗೆ ಆಳ ತಿಳಿಯುವುದಿಲ್ಲ. ಅದಕ್ಕೇ ಬೇಕೆಂದೇ ಹಲವು ತರಂಗಾಂತರಗಳು ಬೆರೆತ ಬೆಳಕನ್ನು ಬಳಸುತ್ತಾರೆ. ಆಗ ಎರಡೂ ಪಾಲುಗಳು ನಡೆದ ದೂರ ಕೆಲವೇ ಮೈಕ್ರಾನ್ ಒಳಗೆ ಹೊಂದಿಕೆಯಾದರೆ ಮಾತ್ರ ಪಟ್ಟೆ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ಕನ್ನಡಿಯನ್ನು ಸ್ವಲ್ಪ ಸರಿಸಿದರೆ ಬೇರೆ ಆಳ, ಇನ್ನೂ ಸ್ವಲ್ಪ ಸರಿಸಿದರೆ ಮತ್ತೊಂದು ಆಳ. ಅಲ್ಲಿ ಇಲ್ಲಿ ಸುತ್ತಿ ಬಂದ ಬೆಳಕು ಜಾಸ್ತಿ ದೂರ ನಡೆದಿರುತ್ತದೆ, ಅದು ಹೊಂದುವುದಿಲ್ಲ, ಬಹುಪಾಲು ತಾನಾಗಿಯೇ ಹೊರಗುಳಿಯುತ್ತದೆ. ನೇರ ಹೋಗಿ ನೇರ ಬಂದದ್ದಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಈಗಿನ ಯಂತ್ರಗಳು ಕನ್ನಡಿಯನ್ನೂ ಸರಿಸುವುದಿಲ್ಲ. ವಾಪಸ್ ಬಂದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಆ ಸಾಲಿನಲ್ಲಿ ಏಳುವ ಏರಿಳಿತಗಳನ್ನು ಓದುತ್ತವೆ. ಪದರ ಆಳದಲ್ಲಿದ್ದಷ್ಟೂ ಏರಿಳಿತ ಒತ್ತೊತ್ತಾಗಿ ಬರುತ್ತದೆ, ಹಾಗಾಗಿ ಒಂದೇ ಏಟಿಗೆ ಎಲ್ಲ ಆಳಗಳೂ ಸಿಕ್ಕಿಬಿಡುತ್ತವೆ. ಹಳೆಯ ಯಂತ್ರ ಸೆಕೆಂಡಿಗೆ ಚಿತ್ರದ 400 ಗೆರೆ ತೆಗೆಯುತ್ತಿತ್ತು, ಈಗ ಹತ್ತಾರು ಸಾವಿರ.

ಇದು 1991ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೇಮ್ಸ್ ಫುಜಿಮೋಟೋ, ಆಗಿನ್ನೂ ವಿದ್ಯಾರ್ಥಿಯಾಗಿದ್ದ ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್ ಮತ್ತು ಜೊತೆಗಾರರು ಪ್ರಕಟಿಸಿದ ಕೆಲಸ. 2023ರಲ್ಲಿ ಈ ಮೂವರಿಗೂ ವೈದ್ಯಕೀಯದ ದೊಡ್ಡ ಗೌರವವಾದ ಲಾಸ್ಕರ್ ಪ್ರಶಸ್ತಿ ಬಂತು. ಸಕ್ಕರೆ ಕಾಯಿಲೆಯವರಿಗೆ ಇದರಿಂದ ಆದ ಉಪಕಾರ ಏನು ಅಂದರೆ, ನಡು ರೆಟಿನಾದ ದಪ್ಪ ಸುಮಾರು ಕಾಲು ಮಿಲಿಮೀಟರ್ ಇರುತ್ತದೆ, ರಕ್ತನಾಳ ಸೋರಿ ಅಲ್ಲಿ ನೀರು ತುಂಬಿದರೆ ಸ್ಕ್ಯಾನಿನಲ್ಲಿ ಕಪ್ಪು ಗುಳಿಗಳಾಗಿ ಎದ್ದು ಕಾಣುತ್ತದೆ. ಮೊದಲು ಡಾಕ್ಟರು ಬರೀ ಕಣ್ಣಂದಾಜಿನಲ್ಲಿ ಹೇಳುತ್ತಿದ್ದುದನ್ನು ಈಗ ಮೈಕ್ರಾನ್ ಲೆಕ್ಕದಲ್ಲಿ ಹೇಳಬಹುದು.

ಇಲ್ಲೇ ಒಂದು ಮಾತು. ವರದಿಯಲ್ಲಿ ಕೆಂಪು, ಹಳದಿ, ಹಸಿರು ಬಣ್ಣ ನೋಡಿ ಗಾಬರಿ ಬೀಳಬೇಡಿ. ಅವು ಕಣ್ಣಿನ ನಿಜವಾದ ಬಣ್ಣಗಳಲ್ಲ, ಕಂಪ್ಯೂಟರ್ ಹಚ್ಚಿದ್ದು. ಯಂತ್ರದೊಳಗೆ ಆರೋಗ್ಯವಂತರ ಅಳತೆಗಳ ಒಂದು ಪಟ್ಟಿ ಇರುತ್ತದೆ, ಅದಕ್ಕೆ ಹೊಂದದಿದ್ದರೆ ಕೆಂಪು ತೋರಿಸುತ್ತದೆ, ಅಷ್ಟೇ. ಜಾಸ್ತಿ ಮೈನಸ್ ಪವರ್ ಇರುವವರ ಕಣ್ಣು ಸರಿಯಾಗಿದ್ದರೂ ಎಷ್ಟೋ ಸಲ ಕೆಂಪು ಬರುತ್ತದೆ. ಕಾಯಿಲೆ ಇದೆಯೋ ಇಲ್ಲವೋ ಅನ್ನುವುದನ್ನು ಡಾಕ್ಟರು ಹೇಳಬೇಕು, ಬಣ್ಣ ಅಲ್ಲ.

ಓಸಿಟಿ ಕಣ್ಣಿನಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಕಾರಣ, ಕಣ್ಣು ಪಾರದರ್ಶಕ. ಚರ್ಮದ ಮೇಲೆ ಇಟ್ಟರೆ ಒಂದೆರಡು ಮಿಲಿಮೀಟರಿಗೇ ನಿಂತುಹೋಗುತ್ತದೆ. ಅದಕ್ಕಿಂತ ಆಳಕ್ಕೆ ಹೋದರೆ ಚದುರದ ಬೆಳಕು ಉಳಿದಿರುವುದೇ ಇಲ್ಲ, ಹೆಕ್ಕುವುದು ಏನನ್ನು? ಹೃದಯದ ವಿಷಯ ಕೇಳಿದ್ದೀರಿ. ಹೊರಗಿನಿಂದ ಆಗುವುದಿಲ್ಲ, ಆದರೆ ಕೂದಲೆಳೆಯಂಥ ಆಪ್ಟಿಕಲ್ ಫೈಬರನ್ನು ಹೃದಯದ ರಕ್ತನಾಳದೊಳಗೇ ತೂರಿಸಿ, ತಿರುಗಿಸುತ್ತಾ, ಒಳಗೋಡೆಯ ಓಸಿಟಿ ಚಿತ್ರ ತೆಗೆಯುತ್ತಾರೆ. ಕೆಂಪು ರಕ್ತಕಣಗಳೇ ಬೆಳಕನ್ನು ಚದುರಿಸಿಬಿಡುವುದರಿಂದ ಆ ಕೆಲವು ಸೆಕೆಂಡು ರಕ್ತವನ್ನು ದ್ರವ ಹಾಯಿಸಿ ಪಕ್ಕಕ್ಕೆ ತಳ್ಳಬೇಕು. ಸ್ಟೆಂಟ್ ಗೋಡೆಗೆ ಸರಿಯಾಗಿ ಕೂತಿದೆಯೇ ಅಂತ ನೋಡುವುದಕ್ಕೆ ಇದು ಬಹಳ ಉಪಯೋಗ. ಎಂಡೋಸ್ಕೋಪಿಯ ತರ್ಕವೂ ಅದೇ, ಬೆಳಕು ದಾಟದಿದ್ದರೆ ಬೆಳಕನ್ನೇ ಒಳಗೆ ಕೊಂಡೊಯ್ಯುವುದು.

ಎರಡನೇ ಜಾತಿಯ ಉಪಾಯಗಳಲ್ಲಿ ನೇರದಾರಿಯ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಎಲ್ಲರೂ ನೋಡಿದ್ದೇ. ಅದರಲ್ಲಿ 660 ನ್ಯಾನೋಮೀಟರಿನ ಕೆಂಪು ದೀಪ ಒಂದು, 940ರ ಇನ್‌ಫ್ರಾರೆಡ್ ದೀಪ ಒಂದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪನ್ನು ಜಾಸ್ತಿ ಬಿಡುತ್ತದೆ, ಹೊರದಿದ್ದದ್ದು ಹೀರಿಕೊಳ್ಳುತ್ತದೆ. ಆದರೆ ಚರ್ಮ, ಮೂಳೆ, ಕೊಬ್ಬು ಎಲ್ಲ ಸೇರಿ ಚದುರಿಸುವಾಗ ರಕ್ತದ ಪಾಲನ್ನು ಹೇಗೆ ಬೇರೆ ಮಾಡುವುದು? ಜಪಾನಿನ ಎಂಜಿನಿಯರ್ ತಕುವೋ ಅಯೋಯಾಗಿ 1970ರ ದಶಕದ ಆರಂಭದಲ್ಲಿ ಬೇರೆ ಏನನ್ನೋ ಅಳೆಯುತ್ತಿದ್ದರು. ನಾಡಿಯ ಬಡಿತ ಅವರ ಅಳತೆಯನ್ನು ಕೆಡಿಸುತ್ತಿತ್ತು. ಆ ಬಡಿತವೇ ತನಗೆ ಬೇಕಾದದ್ದು ಅಂತ ಅವರಿಗೆ ಹೊಳೆಯಿತು. ಬೆರಳಲ್ಲಿ ಬಡಿತದ ಜೊತೆ ಏರಿಳಿಯುವುದು ಮುಖ್ಯವಾಗಿ ಅಪಧಮನಿಯ ರಕ್ತ, ಉಳಿದದ್ದು ಸುಮ್ನೆ ಇರುತ್ತದೆ. ಏರಿಳಿಯುವ ಪಾಲನ್ನು ಮಾತ್ರ ತೆಗೆದುಕೊಂಡರೆ ಆಯಿತು. ಕಪ್ಪು ಚರ್ಮದವರಲ್ಲಿ ಈ ಉಪಕರಣ ಕೆಲವೊಮ್ಮೆ ನಿಜಕ್ಕಿಂತ ಜಾಸ್ತಿ ಆಮ್ಲಜನಕ ತೋರಿಸುತ್ತದೆ ಅನ್ನುವುದನ್ನು 2020ರ ನಂತರ ವೈದ್ಯಲೋಕ ಗಂಭೀರವಾಗಿ ತೆಗೆದುಕೊಂಡಿದೆ. ತೆಗೆದುಕೊಳ್ಳಲೇಬೇಕಿತ್ತು, ಯಾಕೆಂದರೆ ಅಪಾಯದಲ್ಲಿರುವ ರೋಗಿಯನ್ನು ಸುರಕ್ಷಿತ ಅಂತ ತೋರಿಸುವ ತಪ್ಪು ಅದು.

ಇನ್ನೊಂದು ಉಪಾಯ, ಬೆಳಕು ಹಾಕಿ ಶಬ್ದ ಕೇಳುವುದು. ಕೆಲವೇ ನ್ಯಾನೋಸೆಕೆಂಡಿನ ಪಲ್ಸ್, ಅಂದರೆ ಬೆಳಕಿನ ಒಂದು ಚಿಕ್ಕ ಮಿಂಚು, ಬಿಟ್ಟರೆ ಅದನ್ನು ಹೀರಿದ ರಕ್ತ ಒಂದು ಡಿಗ್ರಿಯ ಸಾವಿರದಲ್ಲೊಂದೆರಡು ಭಾಗ ಬಿಸಿಯಾಗಿ, ಹಿಗ್ಗಿ, ಅಲ್ಟ್ರಾಸೌಂಡ್ ಹೊರಡಿಸುತ್ತದೆ. ಬೆಳಕಿನಷ್ಟು ಶಬ್ದ ಚದುರುವುದಿಲ್ಲ. ಹಾಗಾಗಿ ಕೆಲವು ಸೆಂಟಿಮೀಟರ್ ಆಳದ ರಕ್ತನಾಳಗಳ ನಕ್ಷೆಯೂ ಸಿಗುತ್ತದೆ. ಬೆಳಕಿನಿಂದ ಶಬ್ದ ಹುಟ್ಟುವುದನ್ನು ಗ್ರಹಾಂ ಬೆಲ್ 1880ರಲ್ಲೇ ನೋಡಿದ್ದರು, ಉಪಯೋಗಕ್ಕೆ ಬರಲು ನೂರು ವರ್ಷ ಬೇಕಾಯಿತು.

2024ರಲ್ಲಿ ಬಂದ ಒಂದು ಕೆಲಸ ನನಗೆ ಬಹಳ ಇಷ್ಟ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಟಾರ್ಟ್ರಜೀನ್ ಅನ್ನುವ, ತಿನಿಸುಗಳಿಗೆ ಹಾಕುವ ಹಳದಿ ಬಣ್ಣದ ದ್ರಾವಣವನ್ನು ಇಲಿಯ ಹೊಟ್ಟೆಯ ಚರ್ಮಕ್ಕೆ ಹಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಚರ್ಮ ಕೆಂಪು ಬೆಳಕಿಗೆ ಪಾರದರ್ಶಕವಾಗಿ ಒಳಗಿನ ಅಂಗಗಳು ಕಂಡವು. ಬಣ್ಣ ಹಚ್ಚಿ ಪಾರದರ್ಶಕ ಮಾಡುವುದು ಅಂದರೆ ವಿಚಿತ್ರ ಅನ್ನಿಸುತ್ತದೆ. ಆದರೆ ನೀಲಿ ಬೆಳಕನ್ನು ಬಲವಾಗಿ ಹೀರುವ ಈ ಬಣ್ಣ ನೀರಿನಲ್ಲಿ ಕರಗಿದಾಗ, ಕೆಂಪು ಬೆಳಕಿಗೆ ಆ ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ನಿಧಾನ ಮಾಡುತ್ತದೆ ಅನ್ನುವ ಅಳತೆ, ಏರಿ ಕೊಬ್ಬು, ಪ್ರೋಟೀನುಗಳ ಸಮಕ್ಕೆ ಬರುತ್ತದೆ. ವ್ಯತ್ಯಾಸ ಹೋದರೆ ಚದುರುವಿಕೆಯೂ ಹೋಯಿತು. ತೊಳೆದರೆ ಚರ್ಮ ಮೊದಲಿನ ಹಾಗೆ. ಮನುಷ್ಯರ ಚರ್ಮ ಇಲಿಯದಕ್ಕಿಂತ ಎಷ್ಟೋ ದಪ್ಪ, ಮನೆಯಲ್ಲಿ ಪ್ರಯತ್ನಿಸುವ ವಿಷಯ ಖಂಡಿತ ಅಲ್ಲ.

ಈಗ ಎರಡನೇ ಪ್ರಶ್ನೆ. ಲೇಸರ್ ಅಂದಕೂಡಲೇ ಜನ ಎಷ್ಟು ಪವರ್ ಅಂತ ಕೇಳುತ್ತಾರೆ. ಪವರ್ ಮುಖ್ಯವೇ, ಆದರೆ ಅದೊಂದೇ ಏನೂ ಹೇಳುವುದಿಲ್ಲ. ಯಾವ ಬಣ್ಣ, ಎಷ್ಟು ಹೊತ್ತು, ಎಷ್ಟು ಜಾಗಕ್ಕೆ, ಇವು ಜೊತೆಗೆ ಗೊತ್ತಾಗಬೇಕು. ಓಸಿಟಿಯ ಬೆಳಕು ಸುಮಾರು ಒಂದು ಮಿಲಿವಾಟ್ ಆಸುಪಾಸು, ಅದೂ ಒಂದೇ ಕಡೆ ನಿಲ್ಲದೆ ಓಡುತ್ತಿರುತ್ತದೆ. ಎಷ್ಟೋ ಯಂತ್ರಗಳಲ್ಲಿ ಅದು ಲೇಸರ್ ಕೂಡ ಅಲ್ಲ, ಒಂದು ವಿಶೇಷ ಡಯೋಡ್ ದೀಪ. ರೆಟಿನಾಕ್ಕೆ ಚಿಕಿತ್ಸೆ ಕೊಡುವ ಲೇಸರ್ ಹೆಚ್ಚಾಗಿ 532 ನ್ಯಾನೋಮೀಟರಿನ ಹಸಿರು, ನೂರಾರು ಮಿಲಿವಾಟ್, ಒಂದೊಂದು ಚುಕ್ಕೆಗೂ ಸೆಕೆಂಡಿನ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ಹಸಿರು ಬೆಳಕು ಕಾರ್ನಿಯಾ, ಲೆನ್ಸ್ ಎಲ್ಲವನ್ನೂ ಮುಟ್ಟದೆ ದಾಟುತ್ತದೆ, ಅವುಗಳಲ್ಲಿ ಅದನ್ನು ಹೀರುವ ವಸ್ತುವೇ ಇಲ್ಲ. ರೆಟಿನಾದ ಹಿಂದಿರುವ, ಮೆಲನಿನ್ ಎಂಬ ಕಪ್ಪು ಬಣ್ಣ ತುಂಬಿದ ಪದರ ಸಿಕ್ಕಿದ ಕೂಡಲೇ ಶಾಖವಾಗಿ ಬದಲಾಗುತ್ತದೆ. ಸುಡುವ ಜಾಗವನ್ನು ಲೇಸರ್ ಆರಿಸುವುದಿಲ್ಲ, ಬಣ್ಣ ಆರಿಸುತ್ತದೆ.

ಆರೋಗ್ಯವಾಗಿರುವ ರೆಟಿನಾವನ್ನು ಸುಟ್ಟರೆ ಏನು ಲಾಭ ಅಂತ ನಿಮಗೆ ಅನ್ನಿಸಬಹುದು. ಸಕ್ಕರೆ ಕಾಯಿಲೆಯಿಂದ ಆಮ್ಲಜನಕ ಸಾಲದೆ ಹೋದಾಗ ರೆಟಿನಾ ಹೊಸ ರಕ್ತನಾಳ ಬೇಕು ಅಂತ ರಾಸಾಯನಿಕ ಸಂದೇಶ ಕಳಿಸುತ್ತದೆ. ಹಾಗೆ ಹುಟ್ಟುವ ನಾಳಗಳು ದುರ್ಬಲ, ಒಡೆದು ಕಣ್ಣೊಳಗೆ ರಕ್ತ ಸುರಿಸುತ್ತವೆ. ಅಂಚಿನ ಭಾಗದಲ್ಲಿ ನೂರಾರು ಚುಕ್ಕೆಗಳನ್ನು ಸುಟ್ಟರೆ ಆಮ್ಲಜನಕದ ಬೇಡಿಕೆ ತಗ್ಗುತ್ತದೆ, ಸಂದೇಶ ನಿಲ್ಲುತ್ತದೆ, ನಡುವಿನ ದೃಷ್ಟಿ ಉಳಿಯುತ್ತದೆ. ಬೆಲೆ ಏನು ಅಂದರೆ ಪಕ್ಕದ ನೋಟ, ರಾತ್ರಿಯ ನೋಟ ಸ್ವಲ್ಪ ಕುಗ್ಗಬಹುದು. ಹೋದ ದೃಷ್ಟಿ ಇದರಿಂದ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳುವ ಚಿಕಿತ್ಸೆ ಇದು. ಇದನ್ನು ತಾಯಿಗೆ ಮೊದಲೇ ಹೇಳಿ. ಲೇಸರ್ ಹುಟ್ಟಿದ್ದು 1960ರಲ್ಲಿ, ಥಿಯೋಡರ್ ಮೈಮನ್ ಅವರ ರೂಬಿ ಲೇಸರ್. ಅದಕ್ಕೂ ಮುಂಚೆ ಜರ್ಮನಿಯ ಮೇಯರ್ ಶ್ವಿಕೆರಾಟ್ ಅನ್ನುವ ಕಣ್ಣಿನ ವೈದ್ಯರು ಕನ್ನಡಿಗಳಿಂದ ಸೂರ್ಯನ ಬೆಳಕನ್ನೇ ಕಣ್ಣಿನೊಳಗೆ ಹಾಯಿಸಿ ರೆಟಿನಾವನ್ನು ಬೆಳಕಿನಿಂದ ಸುಡುವ ಚಿಕಿತ್ಸೆಯನ್ನು ಶುರುಮಾಡಿದ್ದರು. ಮೋಡ ಬಂದರೆ ಕೆಲಸ ನಿಂತಂತೆ, ಹಾಗಾಗಿ ಆಮೇಲೆ ಕ್ಸೆನಾನ್ ದೀಪಕ್ಕೆ ಬದಲಾಯಿಸಿದರು.

ಹೊತ್ತಿನ ಮಾತು 1983ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಆಂಡರ್ಸನ್ ಮತ್ತು ಪ್ಯಾರಿಶ್ ಸ್ಪಷ್ಟ ಮಾಡಿದರು. ಬಿಸಿಯಾದ ವಸ್ತುವಿನಿಂದ ಶಾಖ ಅಕ್ಕಪಕ್ಕ ಹರಿಯುವುದಕ್ಕೆ ಮುಂಚೆ ಪಲ್ಸ್ ಮುಗಿದರೆ ಆ ವಸ್ತು ಮಾತ್ರ ಹಾಳಾಗುತ್ತದೆ, ಪಕ್ಕದ್ದು ಉಳಿಯುತ್ತದೆ. ಲೇಸರಿನಿಂದ ಕೂದಲು ತೆಗೆಸುವಾಗ ಸುಡಬೇಕಾದ ಕೂದಲ ಬುಡ ದೊಡ್ಡದು, ಅದಕ್ಕೆ ಮಿಲಿಸೆಕೆಂಡುಗಳ ಪಲ್ಸ್. ಹಚ್ಚೆ ಅಳಿಸುವಾಗ ಶಾಯಿಯ ಕಣ ತೀರಾ ಸಣ್ಣದು, ಅದಕ್ಕೆ ನ್ಯಾನೋ ಅಥವಾ ಪಿಕೋಸೆಕೆಂಡ್. ಚರ್ಮದಲ್ಲಿ ಮೆಲನಿನ್ ಜಾಸ್ತಿ ಇರುವವರಿಗೆ ಕೂದಲು ತೆಗೆಸುವಾಗ 1064 ನ್ಯಾನೋಮೀಟರ್ ಹೆಚ್ಚು ಸುರಕ್ಷಿತ, 755 ಆದರೆ ಚರ್ಮವೇ ಸುಡುವ ಅಪಾಯ ಇದೆ. ಯಾವ ಲೇಸರ್ ಅಂತ ಕೇಳದೆ ಕೂರಬಾರದು.

ಪಲ್ಸನ್ನು ಇನ್ನೂ ಚಿಕ್ಕದು ಮಾಡುತ್ತಾ ಹೋದರೆ ಆಟವೇ ಬದಲಾಗುತ್ತದೆ, ಹೀರಿಕೊಳ್ಳುವ ಬಣ್ಣವೇ ಬೇಕಿಲ್ಲ. ಬೆಳಕು ಎಷ್ಟು ತೀವ್ರವಾಗುತ್ತದೆ ಅಂದರೆ ಪಾರದರ್ಶಕ ವಸ್ತುವಿನೊಳಗೂ ಕೇಂದ್ರ ಬಿಂದುವಿನಲ್ಲಿ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಪ್ಲಾಸ್ಮಾ (ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುತ್ ಕಣಗಳ ಬಿಸಿ ಅನಿಲ) ಮಾಡುತ್ತದೆ. 1990ರ ದಶಕದ ಆರಂಭದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿಯ ಕಣ್ಣಿಗೆ ಫೆಮ್ಟೋಸೆಕೆಂಡ್ ಲೇಸರ್ ತಾಗಿತು. ಪರೀಕ್ಷೆ ಮಾಡಿದ ಯುವ ವೈದ್ಯ ರಾನ್ ಕರ್ಟ್ಜ್ ಆ ಗಾಯ ನೋಡಿ ಬೆರಗಾದರು. ಸುತ್ತ ಏನೂ ಸುಟ್ಟಿಲ್ಲ, ಅಷ್ಟು ನಾಜೂಕಾದ ಗುರುತು. ಬ್ಲೇಡಿಲ್ಲದ ಲೇಸಿಕ್, ಅಂದರೆ ಕನ್ನಡಕ ಬಿಡಿಸುವ ಲೇಸರ್ ಆಪರೇಷನ್, ಬೆಳೆದದ್ದು ಅಲ್ಲಿಂದ. ಆ ಲೇಸರಿಗೆ ದಾರಿ ಮಾಡಿದ 1985ರ ಕೆಲಸಕ್ಕೆ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ಡ್ ಮೊರೂ ಅವರಿಗೆ 2018ರ ನೊಬೆಲ್ ಬಂತು. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಲೆನ್ಸಿನ ಹಿಂದಿನ ಚೀಲ ಮಂಜಾದರೆ ಮಾಡುವ ಯಾಗ್ ಲೇಸರಿನಲ್ಲಿ ನಡೆಯುವುದೂ ಹೀಗೇ, ಪಲ್ಸ್ ಮಾತ್ರ ನ್ಯಾನೋಸೆಕೆಂಡಿನದು.

ಲೇಸರ್ ಹೆಸರಿನಲ್ಲಿ ನೋವಿನಿಂದ ಹಿಡಿದು ಕೂದಲು ಉದುರುವವರೆಗೆ ಎಲ್ಲಕ್ಕೂ ಕಡಿಮೆ ಪವರಿನ ಕೆಂಪು ಬೆಳಕು ಮಾರುವವರಿದ್ದಾರೆ. ಕ್ಯಾನ್ಸರ್ ಚಿಕಿತ್ಸೆ ವೇಳೆ ಬಾಯಲ್ಲಿ ಆಗುವ ಹುಣ್ಣನ್ನು ತಡೆಯುವುದರಲ್ಲಿ ಅದಕ್ಕೆ ಒಳ್ಳೆಯ ಆಧಾರ ಇದೆ. ಉಳಿದ ಎಷ್ಟೋ ಮಾತುಗಳಿಗೆ ಅಷ್ಟು ಗಟ್ಟಿ ಆಧಾರ ಇಲ್ಲ. ಕಣ್ಣಿಗಂತೂ ಇಂಥದ್ದನ್ನು ಯಾರ ಮಾತು ಕೇಳಿಯೂ ಹಿಡಿಯಬೇಡಿ.

ತಾಯಿಯ ವಿಷಯಕ್ಕೆ ಬಂದರೆ, ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ, ನೀರು ತುಂಬಿರುವುದು ನಡು ರೆಟಿನಾದಲ್ಲೋ ಅಥವಾ ಅಂಚಿನಲ್ಲಿ ಹೊಸ ರಕ್ತನಾಳ ಹುಟ್ಟಿದೆಯೋ ಅಂತ. ನಡುವೆ ನೀರು ತುಂಬಿ ದೃಷ್ಟಿ ಕುಗ್ಗಿದ್ದರೆ ಈಗ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರೆ, ಲೇಸರ್ ಆಮೇಲೆ. ಹೊಸ ನಾಳ ಇದ್ದರೆ ಲೇಸರನ್ನು ಮುಂದೂಡಬೇಡಿ. ಕಣ್ಣಿನ ಪೊರೆ ದಟ್ಟವಾಗಿದ್ದರೆ ಅದೂ ಬೆಳಕನ್ನು ಚದುರಿಸುತ್ತದೆ, ಸ್ಕ್ಯಾನ್ ಮಬ್ಬಾಗುತ್ತದೆ, ವರದಿಯ ಮೂಲೆಯಲ್ಲಿ ಸಿಗ್ನಲ್ ಎಷ್ಟು ಅಂತ ಬರೆದಿರುತ್ತದೆ, ಕಡಿಮೆ ಇದ್ದರೆ ದಪ್ಪದ ಅಂಕಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಹಳೆಯ ವರದಿಗಳನ್ನು ಎಸೆಯದೆ ಜೊತೆಗೆ ಒಯ್ಯಿರಿ, ಸಾಧ್ಯವಾದಷ್ಟೂ ಅದೇ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ. ರೆಟಿನಾದ ಕೆಳಗಿನ ಗೆರೆ ಎಲ್ಲಿ ಅಂತ ಒಂದೊಂದು ಯಂತ್ರ ಒಂದೊಂದು ಕಡೆ ಹಿಡಿಯುತ್ತದೆ. ಅದೇ ಕಣ್ಣಿಗೆ ಎರಡು ಯಂತ್ರಗಳು ಹತ್ತಾರು ಮೈಕ್ರಾನ್ ಬೇರೆ ಅಂಕಿ ಕೊಡಬಹುದು, ಕಾಯಿಲೆ ಒಂದಿಷ್ಟೂ ಬದಲಾಗದಿದ್ದರೂ.